ತೀರ್ಪಿಗೆ ಮುಂಚಿನ ಶಿಕ್ಷೆ

ಇರುಳಿನಲ್ಲಿ ಕಾಲು ಚಾಚಿ ಮಲಗುವುದು ಕಡುಬಡವನಿಗೂ ದಕ್ಕುವ ಸುಖವೆಂದು ನಾವು ಭಾವಿಸುತ್ತೇವೆ. ಏಷ್ಯಾದಲ್ಲೇ ಅತಿ ಹೆಚ್ಚು ಕಥೋಲಿಕರಿರುವ ಫಿಲಿಪ್ಪೀನ್ಸ್ ದೇಶದ ಕ್ವೆಸೋನ್ ನಗರ ಕಾರಾಗೃಹದಲ್ಲಿ ಆ ಸುಖವೂ ಸರದಿಯ ಮೇಲೆ ದೊರೆಯುತ್ತಿತ್ತು. 800 ಮಂದಿಗೆಂದು ಕಟ್ಟಿದ್ದ ಆ ಹಳೆಯ ಕಟ್ಟಡದಲ್ಲಿ 2016ರಲ್ಲಿ ಸುಮಾರು 3,800 ಮಂದಿ ಇದ್ದರು. ಮಾದಕ ವಸ್ತುಗಳ ವಿರುದ್ಧ ಅಧ್ಯಕ್ಷ ದುತೆರ್ತೆ ಆ ವರ್ಷ ಹೂಡಿದ ಸಮರವು, ಮೊದಲೇ ತುಂಬಿದ್ದ ಸೆರೆಮನೆಯನ್ನು ಇನ್ನಷ್ಟು ತುಂಬಿಸಿತು.

ಕತ್ತಲಾದೊಡನೆ ಕೆಲವರು ಮೆಟ್ಟಿಲುಗಳ ಮೇಲೆ ಮೈ ಮುದುಡಿ ಮಲಗುತ್ತಿದ್ದರು. ಕೆಲವರು ತೆರೆದ ಬಾಸ್ಕೆಟ್‌ಬಾಲ್ ಅಂಗಳದ ಸಿಮೆಂಟು ನೆಲದ ಮೇಲೆ. ಇನ್ನು ಕೆಲವರು ಹಳೆಯ ಹೊದಿಕೆಗಳಿಂದ ಕಟ್ಟಿದ ಜೋಲಿಗಳಲ್ಲಿ. 130 ಮಂದಿಗೆ ಒಂದು ಶೌಚಾಲಯ. ಒಬ್ಬನ ಇಡೀ ದಿನದ ಆಹಾರಕ್ಕೆ ಸರ್ಕಾರ ನೀಡುತ್ತಿದ್ದುದು 50 ಪೆಸೊ. ಮಲಗುವ ಹಲಗೆಗೆ ಅಲ್ಲಿ ‘ತರಿಮಾ’ ಎಂದೂ ಮರೆಕಟ್ಟಿದ ಪುಟ್ಟ ಗೂಡಿಗೆ ‘ಕುಬೋಲ್’ ಎಂದೂ ಹೆಸರು. ಹಣವುಳ್ಳವನಿಗೆ ಅವು ಸಿಗುತ್ತಿದ್ದವು. ಇಲ್ಲದವನಿಗೆ ನೆಲವೇ ಗತಿ. ಕಾವಲುಗಾರರು ಕೆಲವರೇ ಇದ್ದುದರಿಂದ ಪ್ರತಿ ಕೋಣೆಯ ಶುಚಿತ್ವ, ಸ್ಥಳ ಹಂಚಿಕೆ, ಜಗಳದ ಪಂಚಾಯಿತಿಗಳನ್ನು ‘ಮೇಯರ್’ ಎನಿಸಿಕೊಂಡ ಕೈದಿಯೊಬ್ಬನೇ ನೋಡಿಕೊಳ್ಳುತ್ತಿದ್ದನು. ಮಾಡಲು ಕೆಲಸವಿಲ್ಲದೆ, ಹೊರಬರುವ ದಿನವೂ ತಿಳಿಯದೆ ಮನಸ್ಸು ಕದಡಿಹೋಗುವ ಸ್ಥಿತಿಗೆ ಆ ಜನರು ‘ಬುರ್ಯೋಂಗ್’ ಎನ್ನುತ್ತಾರೆ.

ಇವರೆಲ್ಲ ಅಪರಾಧಿಗಳಲ್ಲವೇ ಎಂದು ಕೇಳುವವರುಂಟು. ಅಲ್ಲ. ನಗರ ಕಾರಾಗೃಹದಲ್ಲಿರುವವರಲ್ಲಿ ಬಹುತೇಕರು ವಿಚಾರಣಾಧೀನರು. ಜಾಮೀನಿಗೆ ಹಣವಿಲ್ಲದವರು, ಇಲ್ಲವೇ ಜಾಮೀನೇ ಸಿಗದ ಆರೋಪ ಹೊತ್ತವರು. ರೇಮಂಡ್ ನಾರಾಗ್ ಎಂಬ ವಿಶ್ವವಿದ್ಯಾಲಯದ ತರುಣ ಕೊಲೆ ಆರೋಪದ ಮೇಲೆ 1995ರಲ್ಲಿ ಇದೇ ಸೆರೆಮನೆ ಸೇರಿದರು. ನಿರ್ದೋಷಿಯೆಂಬ ತೀರ್ಪು ಬಂದುದು 2002ರಲ್ಲಿ. ಮುಂದೆ ಅವರು ಅಪರಾಧಶಾಸ್ತ್ರದ ಪ್ರಾಧ್ಯಾಪಕರಾಗಿ ಆ ಸೆರೆಮನೆಯ ಬದುಕನ್ನೇ ಅಧ್ಯಯನ ಮಾಡಿ ಬರೆದರು. ಆದರೆ ಕಳೆದುಹೋದ ಸುಮಾರು ಏಳು ವರ್ಷಗಳನ್ನು ಅವರಿಗೆ ಯಾವ ನ್ಯಾಯಾಲಯ ಹಿಂತಿರುಗಿಸಬಲ್ಲದು?

ಕಾರಣಕ್ಕೆ ಮುಂಚೆ ಕಾರ್ಯ ಹುಟ್ಟದು ಎಂಬುದು ತತ್ತ್ವಶಾಸ್ತ್ರದ ಮೊದಲ ಪಾಠ. ಇಲ್ಲಾದರೋ ಅಪರಾಧ ಸಿದ್ಧವಾಗುವ ಮೊದಲೇ ಶಿಕ್ಷೆ ನಡೆದುಹೋಗುತ್ತದೆ. ಆದುದರಿಂದ ಸೆರೆಮನೆಯ ಇಕ್ಕಟ್ಟು ಬರಿಯ ಕಟ್ಟಡದ ಕೊರತೆಯಲ್ಲ, ನ್ಯಾಯದ ವಿಳಂಬ. ಮಾದಕ ವಸ್ತು ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಕೋರುವುದಕ್ಕಿದ್ದ ನಿಷೇಧವನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೆಗೆದುಹಾಕಿತು. ವಿಚಾರಣೆಗಳು ತಡೆಯಿಲ್ಲದೆ ಸಾಗಬೇಕೆಂಬ ನಿಯಮಗಳನ್ನೂ ಅದೇ ವರ್ಷ ಜಾರಿಗೆ ತಂದಿತು. ರೋಗದ ಮೂಲಕ್ಕೆ ಮದ್ದು ಹುಡುಕುವ ಹೆಜ್ಜೆಗಳಿವು.

ಅಲ್ಲಿಯ ಧರ್ಮಸಭೆ ಪ್ರತಿವರ್ಷ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರವನ್ನು ಸೆರೆಯಾಳುಗಳ ಸ್ಮರಣೆಗೆಂದು ಮೀಸಲಿಟ್ಟಿದೆ. ಸೆರೆಯಲ್ಲಿದ್ದವರನ್ನು ಸಂಧಿಸಿದೆವೋ ಇಲ್ಲವೋ ಎಂಬುದು ಅಂತಿಮ ನ್ಯಾಯವಿಚಾರಣೆಯ ಪ್ರಶ್ನೆಗಳಲ್ಲೊಂದೆಂದು ಪ್ರಭು ಯೇಸು ಮೊದಲೇ ತಿಳಿಸಿದ್ದಾರೆ. ಸೆರೆಯಾಳು ದೋಷಿಯೋ ನಿರ್ದೋಷಿಯೋ ಎಂಬ ಷರತ್ತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಮನೆಯವರೆಲ್ಲ ಕೂಡಿ ಜಪಸರ ಹಿಡಿಯುವ ಸಂಜೆ, ಮೆಟ್ಟಿಲ ಮೇಲೆ ಮಲಗುತ್ತಿದ್ದ ಈ ಸೋದರರಿಗೂ ನಮ್ಮ ಪ್ರಾರ್ಥನೆಯಲ್ಲಿ ಸ್ಥಳವಿರಲಿ.