ಬಾಂದಾದ ಜಾಯಿಕಾಯಿ, ಬ್ಯಾಡಗಿಯ ಮೆಣಸಿನಕಾಯಿ

ನವಿ ಮುಂಬಯಿಯ ತುರ್ಭೆಯ ಮಸಾಲೆ ಮಾರ್ಕೆಟ್ಟಿಗೆ ಹೊಸಬರು ಬಂದರೆಂದು ಸಾರಿ ಹೇಳುವುದು ಅವರ ಸೀನು. ಗೇಟು ದಾಟಿ ನಾಲ್ಕು ಗಾಳಾ ಮುಂದೆ ಹೋಗುವಷ್ಟರಲ್ಲಿ ಒಂದರ ಹಿಂದೊಂದು ಶುರುವಾಗುತ್ತದೆ. ಹಮಾಲರು ನಗುತ್ತಾರೆ. ಮುಖಕ್ಕೆ ಟವೆಲ್ ಸುತ್ತಿ, ಬೆನ್ನು ಬಾಗಿಸಿ, ಚೀಲ ಹೊತ್ತು ಲಾರಿಯಿಂದ ಒಳಗೋಡುವ ಅವರಿಗೆ ನಿಂತು ಸೀನುವಷ್ಟು ಪುರಸೊತ್ತಿಲ್ಲ.

ಗಾಳಾ ಅಂದರೆ ಇಲ್ಲಿ ಅಂಗಡಿಯೂ ಹೌದು, ಗೋದಾಮೂ ಹೌದು. ಮುಂದೆ ಶೇಠರ ಗಾದಿ, ಹಿಂದೆ ಸೂರು ಮುಟ್ಟುವ ಚೀಲಗಳ ಥಪ್ಪಿ. ಬಾಯಿ ಬಿಚ್ಚಿಟ್ಟ ಚೀಲಗಳಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿ ದೂರದಿಂದಲೇ ಗುರುತು ಸಿಗುತ್ತದೆ: ಕಡುಗೆಂಪು, ಮೈತುಂಬ ಸುಕ್ಕು. ಇದರಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ತೆಳ್ಳಗೆ. ವ್ಯಾಪಾರಿ ಒಂದನ್ನೆತ್ತಿ ಕಿವಿಯ ಹತ್ತಿರ ಅಲುಗಿಸುತ್ತಾನೆ. ಬೀಜ ಗಲಗಲ ಅಂದರೆ ಒಣಗಿದೆ, ಅನ್ನದಿದ್ದರೆ ತೇವವಿದೆ. ಆಮೇಲೆ ತೊಟ್ಟು ಮುರಿದು, ಬೀಜ ಉದುರಿಸಿ, ಸಿಪ್ಪೆಯನ್ನು ಹೆಬ್ಬೆರಳಿನಿಂದ ಅಂಗೈಗೆ ಉಜ್ಜುತ್ತಾನೆ. ಖಾರದ ಗೊಡವೆ ಅವನಿಗಿಲ್ಲ. ಖಾರಕ್ಕೆ ಪಕ್ಕದ ಗಾಳಾದಲ್ಲಿ ಗುಂಟೂರಿನ ಮಾಲು ಬಿದ್ದಿದೆ. ಬ್ಯಾಡಗಿಗೆ ದರ ಕಟ್ಟುವುದು ಅಂಗೈಗೆ ಹತ್ತಿದ ಬಣ್ಣ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಮುಂಬಯಿಯ ಅಡಿಗೆಮನೆಗಳು ಎಂದಿನಿಂದಲೂ ಗಿರಾಕಿ. ಹಾವೇರಿ, ಧಾರವಾಡ, ಗದಗದ ಕರಿಮಣ್ಣಿನಲ್ಲಿ ಮಳೆ ನಂಬಿ ಬೆಳೆದವನಿಗೆ ಮಾತ್ರ ಈ ಅಂಗೈ ಕಾಣಿಸುವುದಿಲ್ಲ. ಅವನು ಕಾಣುವುದು ಬ್ಯಾಡಗಿ ಪೇಟೆಯ ಟೆಂಡರ್ ದರವನ್ನು. 2024ರ ಮಾರ್ಚಿನಲ್ಲಿ ಆ ದರ ಕುಸಿದಾಗ ರೈತರು ಅಲ್ಲಿಯ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಇಟ್ಟರು.

ಎರಡು ಗಾಳಾ ದಾಟಿದರೆ ವಾಸನೆಯೇ ಬೇರೆ. ಜಾಯಿಕಾಯಿ, ಜಾಪತ್ರೆ, ಲವಂಗ, ದಾಲ್ಚಿನ್ನಿ. ‘ಎಲ್ಲಿಯ ಮಾಲು?’ ಎಂದರೆ ಗುಮಾಸ್ತ ಕತ್ತೆತ್ತದೆ ‘ಇಂಡೋನೇಷ್ಯಾ’ ಅನ್ನುತ್ತಾನೆ, ಪಕ್ಕದ ಪನ್ವೆಲ್ ಅಂದ ಹಾಗೆ. ಅವನ ಲೆಕ್ಕದಲ್ಲಿ ಅದು ಹತ್ತಿರವೇ. ಹಡಗು ಬಂದು ನಿಲ್ಲುವ ನ್ಹಾವಾ ಶೇವಾ ಬಂದರು ಇಲ್ಲೇ, ಖಾಡಿಯ ಆಚೆ ಮಗ್ಗುಲಿಗಿದೆ.

ಜಾಯಿಕಾಯಿಯ ತವರು ಬಾಂದಾ ದ್ವೀಪಗಳು. ಅಂಬೋನಿನಿಂದ ಸಮುದ್ರ ದಾಟಿ ಹೋಗಬೇಕಾದ, ನಕಾಶೆಯಲ್ಲಿ ಸಾಸಿವೆ ಚೆಲ್ಲಿದಂತಿರುವ ಪುಟ್ಟ ನೆಲ. ಎತ್ತರದ ಕೆನಾರಿ ಮರಗಳ ನೆರಳಲ್ಲಿ ಜಾಯಿಕಾಯಿ ತೋಟ. ಹಣ್ಣು ಬಿರಿದಾಗ, ತುದಿಗೆ ಪುಟ್ಟ ಬುಟ್ಟಿ ಕಟ್ಟಿದ ಉದ್ದನೆಯ ಗಳು ಹಿಡಿದು ಒಂದೊಂದನ್ನೇ ಕೀಳುತ್ತಾರೆ. ಆ ಗಳುವಿಗೆ ಅಲ್ಲಿ ಗಾಯಿ-ಗಾಯಿ ಎಂದು ಹೆಸರು. ಹಣ್ಣು ಬಿಡಿಸಿದರೆ ಕಾಯಿಗೆ ಕೆಂಪು ಜಾಲರಿಯಂತೆ ಅಂಟಿದ ಜಾಪತ್ರೆ. ಅದನ್ನು ಸುಲಿದು ಬಿಸಿಲಿಗೆ ಹರವುವುದು, ಕಾಯನ್ನು ಬೇರೆಯಾಗಿ ಒಣಗಿಸುವುದು. ಮೀನು ಹಿಡಿಯುವುದೂ ಇದೇ ಕೈಗಳ ಕೆಲಸ. ನಮ್ಮ ಮಲೆನಾಡಿನ ಅಂಗಳದಲ್ಲಿ ನಿಂತು ನೋಡಿದವರಿಗೆ ಈ ಸುಲಿಯುವ, ಒಣಗಿಸುವ ಕೆಲಸದಲ್ಲಿ ಹೊಸದೇನೂ ಕಾಣದು. ವ್ಯಾಪಾರದ ರೀತಿಯೂ ಪರಿಚಿತವೇ: ಊರಿನ ಸಗಟುದಾರ ಹೇಳಿದ ದರ, ಅವನಿಗೆ ದೊಡ್ಡ ಪೇಟೆಯವನು ಹೇಳಿದ ದರ. 1621ರಲ್ಲಿ ಡಚ್ ಕಂಪನಿ ಇದೇ ಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂದಾದ ಜನರನ್ನು ಕೊಂದು, ಅಟ್ಟಿ, ದ್ವೀಪಗಳನ್ನೇ ಬಹುಪಾಲು ಬರಿದು ಮಾಡಿತು. ಆಮೇಲೆ ತೋಟದ ಕೆಲಸಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದಿತು. ನಮ್ಮ ಪಲಾವಿಗೆ ಚಿಟಿಕೆಯಷ್ಟು ತುರಿದು ಹಾಕುವ ವಸ್ತು ಇದು.

ದಕ್ಷಿಣ ಕನ್ನಡದ, ಶಿವಮೊಗ್ಗದ ಅಡಿಕೆ ಬೆಳೆಗಾರರ ಮುಂದೆ ಮಾತ್ರ ಇಂಡೋನೇಷ್ಯಾದ ಹೆಸರೆತ್ತುವಾಗ ಹುಷಾರಾಗಿರಬೇಕು. ಅಲ್ಲಿಯೂ ಅಡಿಕೆ ಬೆಳೆಯುತ್ತದೆ. ಹೊರದೇಶದ ಅಡಿಕೆ ಅಗ್ಗದಲ್ಲಿ ಒಳಬರದಿರಲೆಂದು 2023ರಲ್ಲಿ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೂ ಕಳ್ಳದಾರಿಯ ಅಡಿಕೆ ಬಂದರಿನಲ್ಲಿ ಸಿಕ್ಕಿಬಿದ್ದ ಸುದ್ದಿಗಳು ನಿಂತಿಲ್ಲ. ಸುಮಾತ್ರಾದ ಅಡಿಕೆಯವನೂ ಪುತ್ತೂರಿನ ಅಡಿಕೆಯವನೂ ಒಮ್ಮೆ ಎದುರುಬದುರು ಕೂತು ಎಲೆಯಡಿಕೆ ಹಾಕಿಕೊಂಡರೆ ಏನು ಮಾತಾಡಿಯಾರು ಎಂಬ ಕುತೂಹಲ ನನಗಂತೂ ಇದೆ.

ತುರ್ಭೆಯ ಈ ಪೇಟೆ ನಿಂತ ನೆಲವೂ ಹಳ್ಳಿಯದೇ. ಮಸೀದಿ ಬಂದರ, ಭಾಯಖಳಗಳ ಇಕ್ಕಟ್ಟಿನಿಂದ ಮುಂಬಯಿಯ ಸಗಟು ವ್ಯಾಪಾರ ಇತ್ತ ಸರಿದದ್ದು ಕಂತುಕಂತಾಗಿ: 1980ರ ದಶಕದಲ್ಲಿ ಈರುಳ್ಳಿ-ಬಟಾಟೆ, ಮುಂದೆ ಮಸಾಲೆ ಮತ್ತು ಧಾನ್ಯ, 1996ರಲ್ಲಿ ತರಕಾರಿ, ಹಣ್ಣು. ಅದಕ್ಕೂ ಮೊದಲು ಇದು ಆಗ್ರಿ, ಕೋಳಿ ಜನರ ಸೀಮೆ. ಖಾಡಿಯ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಒಂದು ಬೆಳೆ ಭತ್ತ, ಬೇಸಿಗೆಯಲ್ಲಿ ಉಪ್ಪಿನ ಆಗರ, ನಡುವೆ ಮೀನು. 1970ರಲ್ಲಿ ನಗರ ಕಟ್ಟುವ ಸರಕಾರಿ ಕಂಪನಿ ಸಿಡ್ಕೊ ಹುಟ್ಟಿ, ಠಾಣೆ, ಪನ್ವೆಲ್, ಉರಣ್ ತಾಲೂಕುಗಳ 95 ಹಳ್ಳಿಗಳ ಭೂಮಿ ಹೊಸ ನಗರಕ್ಕೆಂದು ಗುರುತಾಯಿತು. ಪರಿಹಾರ ಸಾಲದೆಂದು ಡಿ. ಬಿ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿಯಲ್ಲಿ ಉರಣ್ ಕಡೆಯ ಜಾಸಯಿ ಸುತ್ತ ನಡೆದ ಗೋಲಿಬಾರಿನಲ್ಲಿ ಐವರು ಸತ್ತರು. ಆಮೇಲೆ ಬಂತು, ಕೊಟ್ಟ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ. ಇವತ್ತು ತುರ್ಭೆ ಗಾಂವಿನ ಓಣಿ ಹೊಕ್ಕು ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಹಂಚಿನ ಮನೆಗಳ ಜಾಗದಲ್ಲಿ ನಾಲ್ಕಂತಸ್ತು ಎದ್ದಿದೆ, ಪ್ರತಿ ಅಂತಸ್ತಿನಲ್ಲೂ ಬಾಡಿಗೆಯವರು. ಅಕ್ಕಿರೊಟ್ಟಿ ಮತ್ತು ಒಣಮೀನಿನ ವಾಸನೆ ಮಧ್ಯಾಹ್ನ ಈಗಲೂ ಏಳುತ್ತದೆ. ಅಕ್ಕಿ ಮಾತ್ರ ಅಂಗಡಿಯದು.

ಬಾಡಿಗೆಗೆ ಬಂದವರೂ ಹಳ್ಳಿಗಳಿಂದಲೇ. ಹೊರೆ ಹೊರುವವರ 1969ರ ಕಾಯಿದೆಯ ನೆರಳಿರುವ ಮಾಥಾಡಿ ಹಮಾಲರಲ್ಲಿ ಹೆಚ್ಚಿನವರು ಸಾತಾರಾ ಕಡೆಯವರು. ಅವರಿಗೆ ಟೋಳಿಯಿದೆ, ಬಿಲ್ಲೆಯಿದೆ, ಅಣ್ಣಾಸಾಹೇಬ ಪಾಟೀಲರು ಕಟ್ಟಿಕೊಟ್ಟ ಸಂಘವಿದೆ. ಬಿಲ್ಲೆಯಿಲ್ಲದವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ತರಕಾರಿ ಮಾರ್ಕೆಟ್ಟಿನ ಹೊರಗೆ, ರಾತ್ರಿಯ ಲಾರಿಗಳು ಖಾಲಿಯಾದ ಮೇಲೆ ಕಟಿಂಗ್ ಚಹಾ ಹಿಡಿದು ಕೂತಿದ್ದ ಒಬ್ಬರನ್ನು ಮಾತಾಡಿಸಿದೆ.

‘ಯಾವೂರ್ರೀ ಅಣ್ಣಾರ?’

‘ಇಂಡಿ ಕಡೆದಾಂವ್ರೀ. ಎರಡೆಕರೆ ನಿಂಬಿ ತ್ವಾಟ ಐತಿ. ನಮ್ಮ ತಮ್ಮ ನೋಡ್ಕೋತಾನ.’

‘ಮಾಲು ಎಲ್ಲಿಗೆ ಕಳಸ್ತೀರಿ?’

‘ಒಮ್ಮೊಮ್ಮಿ ಇಲ್ಲಿಗೇ ಬರ್ತದ್ರೀ. ಗಾಡಿ ಬಂದ ರಾತ್ರಿ ನಾನೇ ಇಳಸ್ತೀನಿ.’

ಮೊಬೈಲ್ ತೆಗೆದು ಅಡತಿಯವರ ಪಟ್ಟಿಯ ಫೋಟೋ ತೋರಿಸಿದರು. ಊರಿಂದ ತಮ್ಮ ಕಳಿಸಿದ್ದಂತೆ. ಮರಾಠಿ ಬರಹ ತಮಗೆ ಬರೋದಿಲ್ಲ, ಓದಿ ಹೇಳ್ರೀ ಅಂದರು. ಮೇಲೆ ಚೀಲದ ಲೆಕ್ಕ, ದರ, ಒಟ್ಟು. ಕೆಳಗೆ ಕಳೆಯುವ ಬಾಬತ್ತು: ಮೋಟಾರ್ ಬಾಡಿಗೆ, ತೂಕದ ತೋಲಾಯಿ, ಹಮಾಲಿ. ಹಣ್ಣು-ತರಕಾರಿಯ ದಲಾಲಿಯನ್ನು ರೈತನಿಂದ ಹಿಡಿಯಕೂಡದು, ಕೊಳ್ಳುವವನೇ ಕೊಡಬೇಕೆಂದು ಮಹಾರಾಷ್ಟ್ರ 2016ರಲ್ಲಿ ನಿಯಮ ಮಾಡಿದೆ. ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ನಾನು ಒಂದೊಂದೇ ಓದುತ್ತ ಹೋದೆ. ಹಮಾಲಿಗೆ ಬಂದಾಗ ಅವರು ತಡೆದರು.

‘ಹಮಾಲಿ ಎಷ್ಟು ಹಿಡ್ದಾರ?’

ಹೇಳಿದೆ.

‘ಆ ರಾತ್ರಿ ನನ್ನ ಕೈಗೆ ಅಷ್ಟು ಬಂದಿಲ್ರೀ’ ಅಂದವರೇ ಲೋಟ ಕೆಳಗಿಟ್ಟು ತಮ್ಮನಿಗೆ ಫೋನ್ ಹಚ್ಚಿದರು.