ತಲೆಗೆ ಸ್ನಾನಕ್ಕೆ ಮೊದಲು, ಮೈಗೆ ಸ್ನಾನ ಆದ ಮೇಲೆ

ಚಳಿಗಾಲದಲ್ಲಿ ದೇವಸಮುದ್ರದ ಕಡೆ ಯಾವ ಮಗುವಿನ ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೂ ಬಿಳಿ ಗೆರೆ ಮೂಡುತ್ತದೆ. ದೇವಸಮುದ್ರ ಇರುವ ಮೊಳಕಾಲ್ಮೂರು, ಪಕ್ಕದ ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ, ವರ್ಷಕ್ಕೆ 500 ಮಿ.ಮೀ. ಆಸುಪಾಸು. ಬಿಡದೆ ಬೀಸುವ ಒಣಗಾಳಿ, ತೇವವಿಲ್ಲದ ಹವೆ, ಕೊಳವೆಬಾವಿಯ ಗಡಸು ನೀರು ಎಲ್ಲವೂ ಸೇರಿ ಚರ್ಮವನ್ನು ಹಿಂಡುತ್ತವೆ. ಅಡುಗೆ ಎಣ್ಣೆಗೂ ಹೆಸರಾದದ್ದು ಇದೇ ಸೀಮೆ. ಶೇಂಗಾ ಬೆಳೆಯ ನಡುವೆ ಬೆಳೆದ ಚಳ್ಳಕೆರೆಯನ್ನು ಎಣ್ಣೆ ನಗರ ಎಂದೇ ಕರೆಯುತ್ತಾರೆ. ಇಲ್ಲಿ ಎಣ್ಣೆ ಇಲ್ಲದ ಮನೆಯಿಲ್ಲ, ಆದರೂ ಮೈ ಒಡೆಯುವುದು ನಿಂತಿಲ್ಲ. ಇದಕ್ಕೆ ಕಾರಣ ಎಣ್ಣೆಯ ಕೊರತೆಯಲ್ಲ. ಎಣ್ಣೆಯನ್ನು ಯಾವ ಹೊತ್ತಿಗೆ, ಎಲ್ಲಿಗೆ ಹಚ್ಚುತ್ತೇವೆ ಎಂಬುದರಲ್ಲಿ ನಾವು ತಪ್ಪುತ್ತಿದ್ದೇವೆ.

“ಎಣ್ಣೆ ಹಚ್ಕೊಂಡು ನೆನೆದು, ಸುಡುಸುಡೋ ನೀರು ಹುಯ್ಕೊಂಡ್ರೆ ಮೈ ಮೆತ್ತಗಾಗುತ್ತೆ”

ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನದ ಸುಖವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಮೈ ನೋವು ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಒಣ ಚರ್ಮಕ್ಕೆ ಅದೇ ಮದ್ದು ಎಂದು ನಂಬಿ ಚಳಿಗಾಲವಿಡೀ ಅದನ್ನೇ ಮಾಡಿದರೆ ಫಲ ಉಲ್ಟಾ ಆಗುತ್ತದೆ.

ಚರ್ಮದ ತೀರಾ ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಸೇರಿದ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಆವಿಯಾಗಿ ಹೋಗದಂತೆ ಕಾಯುವುದು ಈ ಜಿಡ್ಡೇ. ಬಿಸಿ ನೀರು ಅದನ್ನು ಕರಗಿಸುತ್ತದೆ, ಸಾಬೂನು ಅದನ್ನು ಎತ್ತಿಕೊಂಡು ಹೋಗುತ್ತದೆ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5. ಬಚ್ಚಲಿನ ಸಾಬೂನಿನ ಪಿಎಚ್ 9ರಿಂದ 10. ಹೀಗಾಗಿ ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆಯನ್ನು ಹಂಡೆಯ ಬಿಸಿ ನೀರು, ಸಾಬೂನು, ಕಡಲೆಹಿಟ್ಟು ಸೇರಿ ಉಜ್ಜಿ ತೆಗೆಯುವಾಗ, ಮೈಯೇ ಮಾಡಿಟ್ಟುಕೊಂಡಿದ್ದ ಜಿಡ್ಡೂ ಜೊತೆಗೆ ಹೋಗುತ್ತದೆ. ಸಂಜೆ ಹೊತ್ತಿಗೆ ಮೈ ಮತ್ತೆ ಬಿಗಿಯುತ್ತದೆ, ತುರಿಸುತ್ತದೆ.

ಅದೇ ಎಣ್ಣೆಯನ್ನು ಸ್ನಾನ ಆದ ಮೇಲೆ ಹಚ್ಚಿ ನೋಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ಸಾಬೂನು ಕಂಕುಳು, ತೊಡೆಸಂದು, ಪಾದ, ಬೆವರಿ ಮಣ್ಣಾದ ಜಾಗಗಳಿಗೆ ಸಾಕು, ದಿನವೂ ತೋಳು ಕಾಲಿಗೆಲ್ಲ ತಿಕ್ಕಬೇಕಾಗಿಲ್ಲ. ಟವಲಿನಿಂದ ಉಜ್ಜದೆ ಒತ್ತಿಕೊಳ್ಳಿ. ಮೈ ಇನ್ನೂ ಹಸಿಯಾಗಿರುವಾಗಲೇ, ಬಚ್ಚಲು ಬಿಟ್ಟು ಬರುವ ಮೊದಲೇ, ತೆಳುವಾಗಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿಕೊಳ್ಳಿ. ಎಣ್ಣೆಯಲ್ಲಿ ನೀರಿಲ್ಲ. ಅದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ ಅಷ್ಟೆ. ಒಣಗಿ ಬಿರಿದ ಮೈಗೆ ಮಧ್ಯಾಹ್ನ ಎಷ್ಟು ಎಣ್ಣೆ ಬಳಿದರೂ ಹಿಡಿದಿಡಲು ಒಳಗೆ ತೇವವೇ ಇರುವುದಿಲ್ಲ. ಹೊತ್ತಿನ ಈ ಒಂದು ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ದುಬಾರಿ ಕ್ರೀಮಿನ ಮಾತು ಬರಬೇಕಾದದ್ದು ಇದರ ನಂತರ.

“ನಮ್ಮ ಶೇಂಗಾ ಎಣ್ಣೆಗಿಂತ ಒಳ್ಳೇದು ಯಾವುದೈತೆ?”

ಒಗ್ಗರಣೆಗೆ ಯಾವುದೂ ಇರಲಿಕ್ಕಿಲ್ಲ. ಚರ್ಮದ ಮಾತು ಬೇರೆ. ಎಣ್ಣೆಗಳೆಲ್ಲ ಒಂದೇ ಅಲ್ಲ, ಅವುಗಳೊಳಗಿನ ಕೊಬ್ಬಿನಾಮ್ಲಗಳು ಬೇರೆ ಬೇರೆ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಹೆಚ್ಚು, ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆಲಿವ್ ಎಣ್ಣೆ ಚರ್ಮದ ಮೇಲ್ಪದರವನ್ನು ಸಡಿಲ ಮಾಡಿತು, ಸೂರ್ಯಕಾಂತಿ ಎಣ್ಣೆ ಅದನ್ನು ಹಾಗೇ ಉಳಿಸಿತು. ಶೇಂಗಾ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಓಲಿಕ್ ಆಮ್ಲವೇ. ಆದ್ದರಿಂದ ಮೈಗೆ ಹಚ್ಚಲು ಅಡುಗೆಮನೆಯಿಂದಲೇ ಎಣ್ಣೆ ತೆಗೆದುಕೊಳ್ಳುವುದಾದರೆ ನಾನು ಸೂರ್ಯಕಾಂತಿಯ ಬಾಟಲಿಗೆ ಕೈ ಹಾಕುತ್ತೇನೆ. ತೆಂಗಿನೆಣ್ಣೆಯೂ ಆದೀತು. ಫಿಲಿಪೀನ್ಸ್‌ನಲ್ಲಿ ಒಣ ಚರ್ಮದವರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಅದು ಮಿನರಲ್ ಆಯಿಲ್‌ನಷ್ಟೇ ಕೆಲಸ ಮಾಡಿತೆಂದು 2004ರಲ್ಲಿ ವರದಿಯಾಯಿತು.

ಎಳೆ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಚರ್ಮ ಕೆಂಪಾಗಿ ಒಡೆದು ಗಾಯವಾದ ಕೂಸಿಗೆ ಶೇಂಗಾ ಎಣ್ಣೆ ತಿಕ್ಕಬೇಡಿ. ಅಂಥ ಚರ್ಮಕ್ಕೆ ಶೇಂಗಾ ಎಣ್ಣೆ ಇರುವ ಮುಲಾಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚಾಗಿ ಕಂಡದ್ದು 2003ರ ಬ್ರಿಟನ್ ಅಧ್ಯಯನವೊಂದರಲ್ಲಿ ದಾಖಲಾಗಿದೆ.

ಹಾಗಂತ ಶೇಂಗಾ ಚರ್ಮ, ಕೂದಲಿಗೆ ಉಪಯೋಗವಿಲ್ಲದ್ದು ಎಂದಲ್ಲ. ಅದು ಹೊಟ್ಟೆಗೆ ಹೋಗಬೇಕು. ಕೂದಲು ಎಂಬುದು ಕೆರಾಟಿನ್ ಎಂಬ ಪ್ರೋಟೀನು. 100 ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ, ಹುರುಳಿ ಸಾರು, ಮೊಟ್ಟೆ ಒಳಗಿನಿಂದ ಕೂದಲು ಕಟ್ಟುತ್ತವೆ. ತಲೆಗೆ ಬಳಿದ ಮೊಟ್ಟೆಯ ಪ್ರೋಟೀನು ಕೂದಲೊಳಗೆ ನುಗ್ಗಲಾರದಷ್ಟು ದೊಡ್ಡದು. ತೊಳೆದಾಗ ಬಚ್ಚಲಿಗೆ ಹರಿದು ಹೋಗುತ್ತದೆ.

“ನೀರು ಕಮ್ಮಿ ಕುಡೀತೀಯ, ಅದಕ್ಕೇ ಮೈ ಬಿರೀತೈತೆ”

ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ನೀರು ಕುಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಕಷ್ಟು ಕುಡಿಯುತ್ತಿರುವವರು ಇನ್ನೂ ನಾಲ್ಕು ಚೊಂಬು ಹೆಚ್ಚು ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ, ಮೊಣಕೈಯ ಬಿರುಕನ್ನು ತುಂಬುವುದಿಲ್ಲ. ಒಣ ಹವೆಯಲ್ಲಿ ಚರ್ಮದ ತೇವ ಹೋಗುವುದು ಹೊರಗಿನಿಂದ, ಅದನ್ನು ತಡೆಯಬೇಕಾದದ್ದೂ ಹೊರಗಿನಿಂದಲೇ.

“ಬೋರ್ ನೀರಿಗೆ ಕೂದಲು ಬುಡಸಮೇತ ಉದುರುತ್ತೆ”

ಈ ಭಾಗದ ಹೆಣ್ಣುಮಕ್ಕಳ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಇದರಲ್ಲಿ ನಿಜವೂ ಇದೆ, ತಪ್ಪೂ ಇದೆ, ಎರಡನ್ನೂ ಬಿಡಿಸಿ ನೋಡಬೇಕು.

ಇಲ್ಲಿನ ಕೊಳವೆಬಾವಿಗಳ ನೀರು ಗಡಸು ಎಂಬುದು ಬೇಳೆ ಬೇಯಿಸುವವರಿಗೆಲ್ಲ ಗೊತ್ತು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಕೊಬ್ಬಿನಾಮ್ಲದ ಜೊತೆ ಕೂಡಿ ನೀರಿನಲ್ಲಿ ಕರಗದ ಬಿಳಿ ಜಿಗುಟಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಆ ಜಿಗುಟೇ ತಲೆಗೂ ಕಟ್ಟುತ್ತದೆ. ಮೈ ಸಾಬೂನಿನಲ್ಲೇ ತಲೆ ತೊಳೆಯುವ ಗಂಡಸರ, ಮಕ್ಕಳ ಕೂದಲು ನಾರು ನಾರಾಗುವುದು ಇದರಿಂದ. ಆಮೇಲೆ ಬಾಚಣಿಗೆ ಎಳೆದಾಗ ಕೂದಲು ನಡುವೆ ತುಂಡಾಗುತ್ತದೆ.

ತುಂಡಾಗುವುದು ಬೇರೆ, ಉದುರುವುದು ಬೇರೆ. ಬಿದ್ದ ಕೂದಲನ್ನು ಕೈಗೆತ್ತಿಕೊಂಡು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗುಂಡಿ ಇದ್ದರೆ ಅದು ಬುಡದಿಂದ ಬಂದದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಗುಂಡಿಯಿಲ್ಲದೆ ಎರಡೂ ಕಡೆ ಮೊಟಕಾಗಿದ್ದರೆ ಅದು ಮುರಿದದ್ದು. ನೀರು ಕೂದಲನ್ನು ಒರಟು ಮಾಡಬಹುದು, ಚರ್ಮದೊಳಗಿರುವ ಬುಡವನ್ನು ಅದು ತಲುಪುವುದಿಲ್ಲ. ಮುರಿಯುವ ವಿಷಯದಲ್ಲೂ ಸಾಕ್ಷ್ಯ ಒಂದೇ ಕಡೆಗಿಲ್ಲ. ತಮಿಳುನಾಡಿನ ಸಂಶೋಧಕರು ಕೂದಲಿನ ಎಳೆಗಳನ್ನು ಗಡಸು ನೀರಿನಲ್ಲೂ ಭಟ್ಟಿ ಇಳಿಸಿದ ನೀರಿನಲ್ಲೂ ತೊಳೆದು ಎಳೆದು ನೋಡಿದರು. ಬಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲವೆಂದು 2013ರಲ್ಲಿ ವರದಿ ಮಾಡಿದರು. ಬೇರೆ ಕೆಲವು ಪರೀಕ್ಷೆಗಳು ಬಲ ಕುಗ್ಗುತ್ತದೆ ಎಂದಿವೆ. ನೀರು ಮೆತ್ತಗೆ ಮಾಡುವ ಯಂತ್ರಕ್ಕೆ ಸಾಲ ಮಾಡುವ ಮುನ್ನ ಇನ್ನೊಂದು ಸಂಗತಿ ತಿಳಿದಿರಲಿ. ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಇರುವ 336 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಯಂತ್ರದಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ತಲೆಗೆ ಮೈ ಸಾಬೂನು ಬಿಟ್ಟುಬಿಡಿ. ಸೀಗೆಕಾಯಿ, ಅಂಟುವಾಳಕಾಯಿ ನೊರೆ ಕೊಡುವುದು ಸಪೋನಿನ್ ಎಂಬ ವಸ್ತುವಿನಿಂದ. ಅದು ಗಡಸು ನೀರಿನೊಂದಿಗೆ ಸಾಬೂನಿನ ಹಾಗೆ ಜಿಗುಟು ಕಟ್ಟುವುದಿಲ್ಲ. ಶಾಂಪೂ ಕೂಡ ಕಟ್ಟುವುದಿಲ್ಲ. ಶಾಂಪೂ ಬಂದು ಕೂದಲು ಹಾಳಾಯಿತು ಎಂಬ ದೂರು ಪೂರ್ತಿ ನ್ಯಾಯವಲ್ಲ, ಈ ನೀರಿಗೆ ಸಾಬೂನಿಗಿಂತ ಅದು ಎಷ್ಟೋ ವಾಸಿ. ಸೀಗೆಪುಡಿಯನ್ನು ಮಾತ್ರ ಒಣದಾಗಿಯೇ ತಲೆಗೆ ತಿಕ್ಕಬೇಡಿ, ಒರಟು ಪುಡಿ ಕೂದಲನ್ನು ಗೀರುತ್ತದೆ. ಕುದಿಸಿ ಸೋಸಿದ ತಿಳಿ ಒಳ್ಳೆಯದು. ಮಳೆ ಬಂದ ದಿನ ಹಿಡಿದಿಟ್ಟ ನೀರು ಇದ್ದರೆ ಕೊನೆಯ ಚೊಂಬು ಅದರದ್ದಾಗಲಿ, ಮಳೆನೀರಿಗಿಂತ ಮೆದು ನೀರಿಲ್ಲ.

ಇಲ್ಲೇ ಎಣ್ಣೆಯ ಹೊತ್ತು ತಿರುಗುಮುರುಗಾಗುವುದು. ಮೈಗೆ ಸ್ನಾನ ಆದ ಮೇಲೆ ಎಂದೆ, ತಲೆಗೆ ಸ್ನಾನಕ್ಕೆ ಮೊದಲೇ ಹಚ್ಚಬೇಕು. ಕೂದಲ ಹೊರಮೈ ಹೆಂಚು ಹೊದಿಸಿದ ಸೂರಿನಂತೆ ಒಂದರ ಮೇಲೊಂದು ಪದರ. ಕೂದಲು ನೀರು ಕುಡಿದು ಉಬ್ಬಿದಾಗ ಈ ಪದರಗಳು ಮೇಲೇಳುತ್ತವೆ, ಒಣಗಿದಾಗ ಕೂರುತ್ತವೆ. ಪ್ರತಿ ಸಲವೂ ಸ್ವಲ್ಪ ಪ್ರೋಟೀನು ನಷ್ಟ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಮುಂಬೈನ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ತೊಳೆಯುವ ಮೊದಲು ಹಚ್ಚಿದರೂ ನಂತರ ಹಚ್ಚಿದರೂ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಮ್ಲದ ಅಣು ಸಣ್ಣದು, ನೇರ, ಕೂದಲೊಳಗೆ ಇಳಿಯುತ್ತದೆ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳೇ ಎಂಬುದನ್ನೂ ಓದುಗರು ಗಮನಿಸಬೇಕು. ಆದರೂ ಕಾರಣ ಒಪ್ಪುವಂಥದ್ದು. ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವ ಅಜ್ಜಿಯಂದಿರ ಪದ್ಧತಿ ಕೂದಲಿನ ಮಟ್ಟಿಗೆ ಸರಿಯಾಗಿಯೇ ಇತ್ತು.

“ಗುಂಡು ಹೊಡೆಸಿದ್ರೆ ದಟ್ಟವಾಗಿ ಬರುತ್ತೆ, ಹರಳೆಣ್ಣೆ ಹಾಕಿದ್ರೆ ಉದ್ದ ಬರುತ್ತೆ”

ದೇವರಿಗೆ ಮುಡಿ ಕೊಡುವುದು ಹರಕೆ, ಅದು ಭಕ್ತಿಯ ವಿಷಯ. ಕೂದಲು ದಟ್ಟವಾಗಲೆಂದು ಮಗುವಿನ ತಲೆಗೆ ಮತ್ತೆ ಮತ್ತೆ ಕತ್ತಿ ಆಡಿಸುವುದು ಬೇಡ. ಕೂದಲ ಬುಡಗಳ ಸಂಖ್ಯೆ ಹುಟ್ಟುವಾಗಲೇ ನಿಗದಿಯಾಗಿರುತ್ತದೆ. ಬೋಳಿಸಿದ ಮೇಲೆ ಚಿಗುರುವ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ. ಹೊಲದ ಬದುವಿನ ಹರಳು ಕೊಡುವ ಎಣ್ಣೆ ಕೂದಲನ್ನು ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಅದು ತುಂಬ ಮಂದ, ಉದ್ದ ಕೂದಲಿಗೆ ಹೆಚ್ಚು ಸುರಿದರೆ ಬಿಡಿಸಲಾಗದಂತೆ ಗಂಟು ಬೀಳಬಹುದು. ಸೀಳಿದ ತುದಿಯನ್ನು ಯಾವ ಎಣ್ಣೆಯೂ ಅಂಟಿಸುವುದಿಲ್ಲ, ಕತ್ತರಿಸಬೇಕು. ಒದ್ದೆ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಿ.

“ಕಾಲು ಒಡೆಯೋದು ಉಷ್ಣಕ್ಕೆ”

ಹಿಮ್ಮಡಿಯ ಚರ್ಮ ದಪ್ಪ, ಅಲ್ಲಿ ಎಣ್ಣೆಗ್ರಂಥಿಗಳಿಲ್ಲ. ಬರಿಗಾಲಲ್ಲಿ, ಹಿಂಬದಿ ತೆರೆದ ಚಪ್ಪಲಿಯಲ್ಲಿ ನಡೆದಾಗ ಮೈಭಾರಕ್ಕೆ ಹಿಮ್ಮಡಿ ಅಗಲಕ್ಕೆ ಹರಡಿ ಒಣಗಿದ ದಪ್ಪ ಚರ್ಮ ಸೀಳುತ್ತದೆ. ತಂಪಿಗೆಂದು ಮೊಸರು ತಿಂದರೂ ಬಿಟ್ಟರೂ ಅದಕ್ಕೆ ವ್ಯತ್ಯಾಸವಿಲ್ಲ. ರಾತ್ರಿ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಮೆತ್ತಗೆ ಉಜ್ಜಿ, ಹಸಿಯಾಗಿರುವಾಗಲೇ ವ್ಯಾಸಲೀನ್ ಮೆತ್ತಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಔಷಧಿ ಅಂಗಡಿಯ ಯೂರಿಯಾ ಕ್ರೀಮೂ ಒಳ್ಳೆಯದು, ಹೊಲಕ್ಕೆ ಹಾಕುವ ಯೂರಿಯಾ ಅಲ್ಲ. ಸೀಮೆಎಣ್ಣೆ, ಸುಣ್ಣ, ನಿಂಬೆರಸ ಬಿರುಕಿಗೆ ತಾಗಬಾರದು. ಸಕ್ಕರೆ ಕಾಯಿಲೆ ಇರುವವರು ಬ್ಲೇಡು, ಕಲ್ಲು ಮುಟ್ಟಲೇಬೇಡಿ, ಹಿಮ್ಮಡಿಯ ಬಿರುಕನ್ನು ವೈದ್ಯರಿಗೆ ತೋರಿಸಿ.

ಮೊಳಕಾಲ್ಮೂರಿನ ಮಗ್ಗಗಳಲ್ಲಿ ಕೂರುವವರಿಗೆ ಬೆರಳ ತುದಿಯ ಒಡಕು ದುಡಿಮೆಯ ಪ್ರಶ್ನೆ, ಒರಟು ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಹಗಲು ಜಿಡ್ಡು ಹಚ್ಚಿದರೆ ಸೀರೆಗೆ ಕಲೆ. ಅವರು ರಾತ್ರಿಯ ಹೊತ್ತನ್ನೇ ಬಳಸಬೇಕು. ಮಲಗುವ ಮುನ್ನ ಹಚ್ಚಿ, ಬೆಳಿಗ್ಗೆ ಸಾಬೂನು ಕಡಿಮೆ ಬಳಸಿ ತೊಳೆದು ಮಗ್ಗಕ್ಕೆ ಇಳಿಯಬಹುದು. ಕಂಬಳಿ ಹೊದ್ದರೆ ಮೈ ತುರಿಸುವುದೂ ಹೆಚ್ಚಿನವರಿಗೆ ಅಲರ್ಜಿಯಲ್ಲ. ಉಣ್ಣೆಯ ಒರಟು ಎಳೆ ಒಣ ಚರ್ಮವನ್ನು ಚುಚ್ಚುತ್ತದೆ, ನಡುವೆ ಹತ್ತಿಯ ಹೊದಿಕೆ ಇದ್ದರಾಯಿತು. ಕುರಿಯ ಉಣ್ಣೆಗೆ ಅಂಟಿರುವ ಜಿಡ್ಡನ್ನು ಶುದ್ಧ ಮಾಡಿದ್ದೇ ಲ್ಯಾನೊಲಿನ್, ಎಷ್ಟೋ ಮುಲಾಮುಗಳ ಮೂಲವಸ್ತು.

ಇಷ್ಟೆಲ್ಲ ಒಂದು ತಿಂಗಳು ಮಾಡಿಯೂ ಮೈ ಒಣಗಿಯೇ ಇದ್ದರೆ, ಕೂದಲು ಉದುರುತ್ತಲೇ ಇದ್ದರೆ ಕಾರಣ ಬರೀ ಗಾಳಿ, ನೀರಲ್ಲಿ ಇರಲಿಕ್ಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು, ಕಬ್ಬಿಣದ ಕೊರತೆ ಕೂದಲನ್ನು ಉದುರಿಸಬಹುದು. ಒಣ ಚರ್ಮ, ಒರಟು ಕೂದಲು, ಸದಾ ಚಳಿ, ಸುಸ್ತು ಒಟ್ಟಿಗೆ ಕಂಡರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ರಾತ್ರಿ ಹೆಚ್ಚುವ ತುರಿಕೆ ಮನೆಮಂದಿಗೆಲ್ಲ ಇದ್ದರೆ ಅದು ಕಜ್ಜಿ, ಉಂಗುರದಂತೆ ಹರಡಿದರೆ ಹುಳುಕಡ್ಡಿ. ಎರಡಕ್ಕೂ ಎಣ್ಣೆ ಮದ್ದಲ್ಲ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮು ಎರಡು ದಿನ ತುರಿಕೆ ಅಡಗಿಸಿ, ಹುಳುಕಡ್ಡಿಯನ್ನು ಬೆಳೆಸಿ, ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಆ ಟ್ಯೂಬಿಗೆ ದುಡ್ಡು ಕೊಡುವ ಮೊದಲು ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಅಂದೇ ಮಾಡಿಸಿಕೊಂಡು ಬನ್ನಿ.