ಬಿಸಿಲಿನಿಂದ ಹೊಗೆಯನ್ನೇ ಇಂಧನ ಮಾಡೋದು: ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಜಂಗಮಕೋಟೆಯಿಂದ ವಿಜಯಪುರ, ದೇವನಹಳ್ಳಿ ದಾಟಿ ಬೆಂಗಳೂರಿಗೆ ಹೋಗುವಾಗ ಜಕ್ಕೂರು ಸಿಗುತ್ತೆ. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ತಪಸ್ ಕುಮಾರ್ ಮಾಜಿ ಅವರ ತಂಡ ಕಾರ್ಬನ್ ಡೈಆಕ್ಸೈಡನ್ನು ಬೆಳಕಿನ ಬಲದಿಂದ ಮೀಥೇನ್ ಮಾಡುವ ಪ್ರಯೋಗ ನಡೆಸಿದೆ. ಮೀಥೇನ್ ಅಂದ್ರೆ ನಮ್ಮ ಗೋಬರ್ ಗ್ಯಾಸ್‌ನಲ್ಲಿ ಉರಿಯೋ ಅದೇ ಅನಿಲ.

ಕಾರ್ಬನ್ ಡೈಆಕ್ಸೈಡ್ ಒಲೆಯ ಬೂದಿ ಇದ್ದಂಗೆ, ಉರಿದು ಮುಗಿದದ್ದು. ಮತ್ತೆ ಉರಿಯಬೇಕಾದರೆ ಕಳೆದುಕೊಂಡ ಶಕ್ತಿಯನ್ನು ವಾಪಸ್ ತುಂಬಬೇಕು. ನಿಮ್ಮ ತೋಟದ ಹಿಪ್ಪುನೇರಳೆ ಎಲೆ ದಿನಾ ಮಾಡೋದು ಇದನ್ನೇ: ಬಿಸಿಲು, ನೀರು, ಗಾಳಿಯಿಂದ ಸಕ್ಕರೆ. ಲ್ಯಾಬ್‌ನಲ್ಲಿ ಎಲೆಯ ಜಾಗದಲ್ಲಿ ಕ್ಯಾಟಲಿಸ್ಟ್, ಶಾಲೆಯಲ್ಲಿ ಓದಿದ ವೇಗವರ್ಧಕ, ಇರುತ್ತೆ. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಚುರುಕಾಗಿ ಕಾರ್ಬನ್ ಡೈಆಕ್ಸೈಡ್‌ಗೆ ಸೇರುತ್ತವೆ, ಜೊತೆಗೆ ಹೈಡ್ರೋಜನ್ ಕೂಡಿಕೊಂಡು ಇಂಧನ ಆಗುತ್ತೆ.

ವಿಷಯ ಹೊಸದಲ್ಲ. 1979ರಲ್ಲೇ ಜಪಾನಿನ ಇನೌಯೆ, ಫುಜಿಶಿಮಾ, ಹೊಂಡಾ ಇದನ್ನು ತೋರಿಸಿದ್ದರು. ಅವರು ಬಳಸಿದ ಪುಡಿಗಳಲ್ಲಿ ಬಿಳಿ ಪೇಂಟ್‌ಗೆ ಹಾಕುವ ಟೈಟಾನಿಯಂ ಡೈಆಕ್ಸೈಡೂ ಒಂದು. ತೊಂದರೆ ಏನಂದ್ರೆ ಅದಕ್ಕೆ ನೇರಳಾತೀತ ಕಿರಣವೇ ಬೇಕು. ಬಿಸಿಲಲ್ಲಿ ಅದು ಇರೋದು ಶೇ. 5ರಷ್ಟು. ಜಕ್ಕೂರಿನವರು ಕಣ್ಣಿಗೆ ಕಾಣುವ ಬೆಳಕಲ್ಲೇ ಕೆಲಸ ಮಾಡುವ ಕ್ಯಾಟಲಿಸ್ಟ್ ಹುಡುಕುತ್ತಿರೋದು ಇದಕ್ಕೇ.

ಅದೇ ಕೇಂದ್ರದ ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ 'ಬ್ರೀದ್' ಸ್ಟಾರ್ಟಪ್ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಸ್ ಸ್ಪರ್ಧೆಯ ಕೊನೆಯ ಹತ್ತರಲ್ಲಿತ್ತು. ಅವರದು ಹೈಡ್ರೋಜನ್ ಸೇರಿಸಿ, ಕಾಯಿಸಿ ಮೆಥನಾಲ್ ಮಾಡುವ ದಾರಿ. ಎರಡನ್ನೂ ಕಲಸಬೇಡಿ.

ಈಗ ನಮ್ಮ ಮಾತು. ಬೆಳಕಿನ ದಾರಿಯಲ್ಲಿ ಸಿಗೋ ಇಂಧನವನ್ನು ಇನ್ನೂ ಮಿಲಿಗ್ರಾಂ ಲೆಕ್ಕದಲ್ಲಿ ಅಳೀತಾರೆ, ಒಂದು ಲೋಟ ಟೀ ಕೂಡ ಕಾಯಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರೋದೇ ಶೇ. 0.04. ಹಾಗಾಗಿ ಯಾರಾದರೂ "ಹೊಲದಲ್ಲಿ ಯೂನಿಟ್ ಹಾಕ್ತೀವಿ, ಅಡ್ವಾನ್ಸ್ ಕೊಡಿ" ಅಥವಾ "ಜಮೀನು ಲೀಸ್‌ಗೆ ಕೊಡಿ" ಅಂದ್ರೆ, ಓಡ್ತಿರೋ ಯೂನಿಟ್ ಎಲ್ಲಿದೆ ತೋರಿಸಿ ಅನ್ನಿ. ದಿನಕ್ಕೆ ಎಷ್ಟು ಕೆ.ಜಿ., ಅನಿಲ ಎಲ್ಲಿಂದ ತರ್ತೀರಿ ಅಂತಲೂ ಕೇಳಿ. ಒಂದು ಕೆ.ಜಿ. ಮೆಥನಾಲ್‌ಗೆ ಏನೂ ನಷ್ಟವಾಗದಿದ್ದರೂ ಸುಮಾರು 1.4 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬೇಕು. ಮೆಥನಾಲ್ ವಿಷ, ಮನೆಯಲ್ಲಿ ಇಡೋ ವಸ್ತುವಲ್ಲ.

ಮೂರು ನಾಲ್ಕು ಹಸು ಇದ್ದರೆ ದಿನಕ್ಕೆ 50 ಕೆ.ಜಿ. ಸಗಣಿಯಲ್ಲಿ 2 ಘನ ಮೀಟರ್ ಗೋಬರ್ ಗ್ಯಾಸ್ ಇವತ್ತೇ ನಡೆಯುತ್ತೆ. ಅದರಲ್ಲಿ ಶೇ. 60ರ ಆಸುಪಾಸು ಮೀಥೇನ್, ಉಳಿದದ್ದು ಹೆಚ್ಚಾಗಿ ಉರಿಯದ ಕಾರ್ಬನ್ ಡೈಆಕ್ಸೈಡ್. ಜಕ್ಕೂರಿನ ಕ್ಯಾಟಲಿಸ್ಟ್ ಮುಂದೊಂದು ದಿನ ರೈತನ ಮನೆಗೆ ಬಂದರೆ, ಈ ಉಳಿದ ಪಾಲನ್ನು ಉರಿಸೋಕೇ ಬರಬಹುದು ಅಂತ ನನ್ನ ಅಂದಾಜು.